ಹೂವಣ್ಣನ ಗೆರೆ

ಹೂವಣ್ಣನಿಗೆ ಹೂವೆಂದರೆ ಪ್ರಾಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವನ ಮನೆಯಲ್ಲಿ ಒಂದೇ ಒಂದು ಗಿಡವಿರಲಿಲ್ಲ. ಹಿತ್ತಲ ಗೋಡೆಯ ಸಂದಿಯಲ್ಲಿ ತಾನಾಗಿ ಹುಟ್ಟಿದ್ದ ಬಳ್ಳಿಯನ್ನೂ ಬೇರುಸಮೇತ ಕಿತ್ತು ಬಿಸಾಡಿದ್ದ. “ಗಿಡದ ಮೇಲಿರೋ ಹೂವಿಗೆ ಶಿಸ್ತು ಅನ್ನೋದೇ ಇಲ್ಲ ಕಣೋ. ಒಂದು ಎಸಳು ಆ ಕಡೆ ತಿರುಗಿದ್ರೆ ಇನ್ನೊಂದು ಈ ಕಡೆ. ಅದನ್ನ ನೋಡ್ತಾ ಕೂತ್ರೆ ನನ್ನ ಕೈ ಕೆಟ್ಟುಹೋಗುತ್ತೆ” ಎನ್ನುತ್ತಿದ್ದ. ಅವನಿಗೆ ಪ್ರಾಣವಾಗಿದ್ದದ್ದು ಗೆರೆ. ಎಲ್ಲೂ ದಪ್ಪವಾಗದ, ಎಲ್ಲೂ ಕಡಿಯದ, ಶುರುವಾದಲ್ಲಿಗೇ ಬಂದು ಸೇರುವ ತೆಳ್ಳನೆಯ ಗೆರೆ. ಅಂಥದ್ದೊಂದು ಬಿದ್ದ ದಿನ ಅವನ ಮುಖ ನೋಡಬೇಕಿತ್ತು. ಮದುಮಗನೂ ಅಷ್ಟು ಬೀಗುವುದಿಲ್ಲ.

ನಮ್ಮದು ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆ. ಪರದೆ, ಹಾಸಿಗೆಯ ಹೊದಿಕೆ, ಹೆಣ್ಣುಮಕ್ಕಳ ಫ್ರಾಕು, ಮೇಜಿನ ಬಟ್ಟೆ, ಎಲ್ಲದರ ಮೇಲೂ ಹೂವು. ಮೇಲಿನ ಮಹಡಿಯಲ್ಲಿ, ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ ಕೂತು ಹೂವಣ್ಣ ಹೂವು ಬರೆಯುತ್ತಿದ್ದ. ಅವನ ಕೆಳಗಿನ ಕೋಣೆಯಲ್ಲಿ ಅವನ ತಂಗಿ ಬಣ್ಣ ಕಲಸುತ್ತಿದ್ದಳು. ನಾವೆಲ್ಲ ಅವಳನ್ನು ಬಣ್ಣದಕ್ಕ ಎನ್ನುತ್ತಿದ್ದೆವು. ಅದಕ್ಕೂ ಕೆಳಗೆ, ಉದ್ದನೆಯ ಮೇಜಿನ ಮೇಲೆ ಹಾಸಿದ ಬಟ್ಟೆಗೆ ಆ ಗೆರೆಯನ್ನೂ ಆ ಬಣ್ಣವನ್ನೂ ಒತ್ತುವವನು ನಾನು. ಮೇಲಿನವರಿಬ್ಬರೂ ಮಾಡಿದ ತಪ್ಪಿಗೆ ಬೈಸಿಕೊಳ್ಳುವವನೂ ನಾನೇ, ಅದು ಬೇರೆ ಮಾತು.

ಒಂದೊಂದು ಬಣ್ಣಕ್ಕೆ ಹೂವಣ್ಣ ಬರೆದ ಒಂದೊಂದು ಹಾಳೆ, ಒಂದೊಂದು ಸ್ಕ್ರೀನು. ಸ್ಕ್ರೀನೆಂದರೆ ಚೌಕಟ್ಟಿಗೆ ಬಿಗಿದ ತೆಳು ಜಾಲರಿ, ಅಷ್ಟೆ. ಅದನ್ನು ಬಟ್ಟೆಯ ಮೇಲಿಟ್ಟು, ಒಳಗೆ ಬಣ್ಣ ಸುರಿದು, ರಬ್ಬರಿನ ಹಲಗೆಯಿಂದ ಎಳೆದರೆ ಎಸಳು ಮೂಡುತ್ತದೆ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ, ಎಲ್ಲಕ್ಕಿಂತ ಕೊನೆಗೆ ಗೆರೆಯ ಸ್ಕ್ರೀನು. ಗೆರೆ ಬಣ್ಣದ ಅಂಚಿಗೆ ಸರಿಯಾಗಿ ಕೂತರೆ ಅದು ಹೂವು. ಕೂರದಿದ್ದರೆ ನಡುವೆ ಬಿಳೀ ಸೀಳು ಕಾಣುತ್ತದೆ, ಹರಿದ ಅಂಗಿಯೊಳಗಿಂದ ಮೈ ಕಂಡ ಹಾಗೆ. ಹೂವಣ್ಣ ಬರೆದ ನಕ್ಷೆಯಲ್ಲಿ ಅಂಥ ಸೀಳನ್ನು ನಾನು ಕಂಡಿರಲೇ ಇಲ್ಲ.

ಅಣ್ಣತಂಗಿ ಇದ್ದದ್ದು ನನ್ನ ಪಕ್ಕದ ಮನೆಯಲ್ಲಿ. ನಡುವೆ ಒಂದೇ ಗೋಡೆ, ಅದೂ ಕೆಮ್ಮಿದರೆ ಕೇಳುವಷ್ಟು ತೆಳು. ಅವನು ಮದುವೆಯಾಗಲಿಲ್ಲ. ಅವಳು ಆದಳು, ಗಂಡ ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ ಹಿಡಿದುಕೊಂಡು ಅಣ್ಣನ ಮನೆಗೆ ಬಂದಳು. ಅವಳಿಗೆ ಬಣ್ಣದ ಕೆಲಸ ಕೊಡಿಸಿದವನು ಅವನೇ. ಕೊಡಿಸಿದ ಮಾರನೆಯ ದಿನದಿಂದಲೇ ಜಗಳ ಶುರು.

“ನನ್ನ ಬಣ್ಣ ಇಲ್ದಿದ್ರೆ ನಿನ್ನದು ಹೂವಲ್ಲ ಅಣ್ಣ, ಬೇಲಿ ತಂತಿ” ಎನ್ನುವಳು.

“ನನ್ನ ಗೆರೆ ಇಲ್ದಿದ್ರೆ ನಿನ್ನದು ನೆಲಕ್ಕೆ ಚೆಲ್ಲಿದ ಟೀ” ಎನ್ನುವನು.

ಹೀಗೆ ಕಿತ್ತಾಡಿಕೊಂಡೇ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಕಟ್ಟಿಕೊಂಡು ಬರುತ್ತಿದ್ದರು. ಬಣ್ಣದಕ್ಕ ತನ್ನ ಬಣ್ಣಗಳಿಗೆ ಇಟ್ಟಿದ್ದ ಹೆಸರು ಕೇಳಿದರೆ ನೀವು ನಗುತ್ತೀರಿ. ಮಾಸಲು ಬಿಳಿಗೆ ಹಳೇಹಲ್ಲು. ಕಂದುಗೆಂಪಿಗೆ ಒಣಗಾಯ. ಬೂದಿ ಬೆರೆತ ನೀಲಿಗೆ ಸೋಮವಾರ. ಕಡುಗುಲಾಬಿಗೆ ಬೈಸಿಕೊಂಡವನ ಕಿವಿ. “ಕಿವಿ ಇನ್ನೊಂಚೂರು ಹಾಕ್ಲಾ, ಇಲ್ಲ ಹಲ್ಲು ಸಾಕಾ?” ಎಂದು ಮೇಲಿನಿಂದ ಕೂಗಿದರೆ, ಹೊಸದಾಗಿ ಕೆಲಸಕ್ಕೆ ಸೇರಿದವರು ಹೆದರಿ ನನ್ನ ಮುಖ ನೋಡುತ್ತಿದ್ದರು.

ಆ ಮನೆಯಲ್ಲಿ ಕೊನೆಯ ಸಲ ನಗು ಕೇಳಿದ್ದು ಆ ಕಾಲದಲ್ಲೇ ಇರಬೇಕು.

ಕೆಟ್ಟದ್ದು ಮೊದಲು ಕಂಡದ್ದು ನನಗೆ. ಹಳದಿ ಎಸಳಿನ ದೊಡ್ಡ ಹೂವೊಂದನ್ನು ಒತ್ತುತ್ತಿದ್ದೆ. ಗೆರೆಯ ಸ್ಕ್ರೀನು ಎತ್ತಿ ನೋಡಿದರೆ ಅಂಚಿನುದ್ದಕ್ಕೂ ಬಿಳೀ ಸೀಳು. ಸ್ಕ್ರೀನು ಮಾಡಿದವನನ್ನು ಬೈದೆ. ಮೇಜಿನ ಮೊಳೆ ಸಡಿಲವಾಗಿದೆಯೆಂದು ಬಡಿದೆ. ಬಟ್ಟೆ ಜಗ್ಗಿದೆಯೆಂದು ಬಿಚ್ಚಿ ಮತ್ತೆ ಹಾಸಿದೆ. ಏನು ಮಾಡಿದರೂ ಅದೇ ಹಾಡು. ಕೊನೆಗೆ ಮೂಲ ನಕ್ಷೆಯನ್ನು ತರಿಸಿ ಬೆಳಕಿಗೆ ಹಿಡಿದೆ. ತಪ್ಪು ಅಲ್ಲೇ ಇತ್ತು. ಗೆರೆ ನಡುಗಿತ್ತು. ಬಣ್ಣದ ಹಾಳೆಯಲ್ಲಿ ಒಂದು ಕಡೆ, ಗೆರೆಯ ಹಾಳೆಯಲ್ಲಿ ಇನ್ನೊಂದು ಕಡೆ. ಎರಡು ನಡುಕ ಒಂದರ ಮೇಲೊಂದು ಹೇಗೆ ಕೂರಬೇಕು?

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಧಡಧಡ ಮೆಟ್ಟಿಲು ಹತ್ತಿದೆ. ಬಾಗಿಲಲ್ಲೇ ನಿಂತುಬಿಟ್ಟೆ. ಹೂವಣ್ಣ ತನ್ನ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಮೇಜಿಗೆ ಅದುಮಿ ಹಿಡಿದಿದ್ದ. ಆದರೂ ಕುಂಚದ ತುದಿ ಹಾಳೆಗೆ ಟಕಟಕ ಬಡಿಯುತ್ತಿತ್ತು.

“ಏನೋ, ಹೇಳ್ದೆ ಕೇಳ್ದೆ ಮೇಲೆ ಬಂದ್ಬಿಟ್ಟೆ?” ಎಂದ, ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡು.

“ಗೆರೆ ಕೂರ್ತಿಲ್ಲ ಹೂವಣ್ಣ.”

“ನಿನ್ನ ಕಣ್ಣು ಕೂರ್ತಿಲ್ಲ. ಹೋಗು, ಕೆಲಸ ನೋಡು.”

ಇಳಿದು ಬರುವಾಗ ಬಣ್ಣದಕ್ಕ ಮೆಟ್ಟಿಲಲ್ಲಿ ಅಡ್ಡ ನಿಂತಿದ್ದಳು. ಮೊಣಕೈವರೆಗೂ ಸೋಮವಾರ ಮೆತ್ತಿಕೊಂಡಿತ್ತು.

“ನೋಡಿದ್ಯಾ?”

“ನೋಡ್ದೆ.”

“ಯಾರ ಹತ್ರಾನೂ ಬಾಯಿ ಬಿಡಬೇಡ ಕಣಪ್ಪ. ನಿನ್ನ ಕಾಲಿಗೆ ಬೀಳ್ತೀನಿ. ಆ ಕಿಟಕಿ ಪಕ್ಕದಿಂದ ಎಬ್ಬಿಸಿದ್ರೆ ನಮ್ಮಣ್ಣ ಬದುಕಲ್ಲ.”

“ಬಾಯಿ ಬಿಡಲ್ಲ ಬಿಡಕ್ಕ. ಆದ್ರೆ ಬಟ್ಟೆ ಬಾಯಿ ಬಿಡುತ್ತಲ್ಲ, ಅದಕ್ಕೇನು ಮಾಡ್ತೀಯ?”

ಅವಳು ಮಾಡಿದಳು. ಅಣ್ಣನ ನಡುಕವನ್ನು ಮುಚ್ಚಲು ಆ ಹೆಂಗಸು ಪಟ್ಟ ಪಾಡು ನನಗೊಬ್ಬನಿಗೆ ಗೊತ್ತು. ನಯವಾದ ಬಟ್ಟೆ ಬೇಡ ಎಂದಳು. ಗಂಟುಗಂಟಾದ ನೂಲಿನ ದೊರಗು ಬಟ್ಟೆ ಹಾಕಿಸಿದಳು, ಅದರ ಮೇಲೆ ಗೆರೆ ತಾನಾಗಿಯೇ ಅಲ್ಲಲ್ಲಿ ಮುರಿಯುತ್ತದೆ. ಬಣ್ಣವನ್ನು ಯಾವತ್ತಿಗಿಂತ ನೀರು ಮಾಡಿದಳು, ಅದು ಗೆರೆಯನ್ನು ದಾಟಿ ಹೊರಕ್ಕೆ ಹಬ್ಬಲಿ ಎಂದು. ಹಬ್ಬಿದ ಅಂಚು ಕಣ್ಣಿಗೆ ಹೊಡೆಯದ ಹಾಗೆ ಒಣಗಾಯಕ್ಕೆ ಹಳೇಹಲ್ಲು ಬೆರೆಸಿ ಮಂಕು ಮಾಡಿದಳು. ಎಸಳಿನ ಒಳಗೆ ಒಣ ಕುಂಚ ಎಳೆದು ಮರಳು ಉದುರಿಸಿದಂಥ ತರಿ ತಂದಳು. ಆ ತರಿಯ ನಡುವೆ ನಡುಗಿದ ಗೆರೆಯೂ ಬೇಕೆಂದೇ ಬರೆದದ್ದು ಅನ್ನಿಸಬೇಕು, ಅದು ಅವಳ ಲೆಕ್ಕಾಚಾರ. ಒತ್ತಿ ಒಣಗಿಸಿದ ಮೇಲೆ ನಾನೇ ಬೆಪ್ಪಾದೆ. ಬಟ್ಟೆಯ ಮೇಲೆ ಅಂಗೈ ಆಡಿಸಿದರೆ ಎಸಳು ಕೈಗೆ ಸಿಗುತ್ತದೇನೋ ಅನ್ನುವ ಹಾಗಿತ್ತು.

ನಮ್ಮ ಚಿಕ್ಕ ಯಜಮಾನರು ಅದನ್ನು ನೆಲದ ಮೇಲೆ ಹಾಸಿಸಿ, ಚಪ್ಪಲಿ ಕಳಚಿ, ಸುತ್ತ ನಡೆದು ನೋಡಿದರು. ಒಳ್ಳೆಯ ಮನುಷ್ಯ, ಅವರನ್ನು ನಾನು ಬೈಯುವುದಿಲ್ಲ. “ಇದು ನೋಡಿ, ಇದು ಜೀವ ಇರೋ ಹೂವು. ಇಷ್ಟು ದಿನ ನಾವು ಹೂವಿನ ಫೋಟೋ ಮಾರ್ತಿದ್ವಿ” ಎಂದರು. ಆ ಬಟ್ಟೆ ಹೋದ ವೇಗಕ್ಕೆ ನಮ್ಮ ಮೇಜಿಗೆ ಬಿಡುವಿರಲಿಲ್ಲ. ಅಂಗಡಿಯವರು ಅದಕ್ಕೆ ಕೈಗೆರೆ ಎಂದು ಹೆಸರಿಟ್ಟರು. ಕೈಗೆರೆ ಪರದೆ ಕೊಡಿ, ಕೈಗೆರೆ ಹೊದಿಕೆ ಕೊಡಿ, ಇದೇ ಆಯಿತು. ಕಾರ್ಖಾನೆಯವರೆಲ್ಲ ಹೂವಣ್ಣನ ಬೆನ್ನು ತಟ್ಟಿದರು.

ಒಂದು ದಿನ ಯಜಮಾನರು ಎಲ್ಲರೆದುರು ಅವನ ಭುಜದ ಮೇಲೆ ಕೈಯಿಟ್ಟು, “ಚೆನ್ನಾಗಿದೆ ಹೂವಣ್ಣ. ಮುಂದಿನ ನಕ್ಷೆಯಲ್ಲಿ ಗೆರೇನ ಇನ್ನೂ ಸ್ವಲ್ಪ ನಡುಗಿಸಿ” ಎಂದರು. ಪಾಪ, ಅವರಿಗೇನು ಗೊತ್ತು. ಹೂವಣ್ಣ ಸುಣ್ಣದ ಗೋಡೆಯ ಹಾಗೆ ಬೆಳ್ಳಗಾದ. ಆಗಲಿ ಎಂದು ತಲೆಯಾಡಿಸಿದ. ಮನೆಗೆ ಬಂದ ಮೇಲೆ ತಂಗಿಯ ಮೇಲೆ ಹರಿಹಾಯ್ದದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತು. “ಅದು ಗೆರೆ ಅಲ್ಲ ಕಣೇ, ಕಾಯಿಲೆ! ನನ್ನ ಕಾಯಿಲೇನ ಮನೆಮನೆಗೆ ನೇತುಹಾಕಿಸಿದ್ದೀಯಲ್ಲ, ನಿನಗೆ ಮನಸ್ಸಾದ್ರೂ ಹೇಗೆ ಬಂತು?” ಅವಳ ಕಡೆಯಿಂದ ಪಾತ್ರೆ ತೊಳೆಯುವ ಸದ್ದು ಮಾತ್ರ ಬಂತು.

ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರು ನಾವಿಬ್ಬರು, ಅವಳೂ ನಾನೂ. ಅವನ ಕಾಲು ಕೂಡ ಆಗಲೇ ತಡವರಿಸುತ್ತಿತ್ತು, ಬಸ್ಸು ಹತ್ತಿಸಲು ಒಬ್ಬ ಗಂಡಸು ಬೇಕಿತ್ತು. ಇದು ಹೋಗುವ ಕಾಯಿಲೆಯಲ್ಲ, ಮಾತ್ರೆ ತೆಗೆದುಕೊಂಡರೆ ಒಂದಷ್ಟು ಹೊತ್ತು ಹತೋಟಿಯಲ್ಲಿರುತ್ತದೆ, ಅದರ ಶಕ್ತಿ ಇಳಿದ ಕೂಡಲೇ ಮತ್ತೆ ಶುರು, ಎಂದರು ಡಾಕ್ಟರು. ಹೂವಣ್ಣ ಕೇಳಿಸಿಕೊಂಡದ್ದು ಒಂದೇ ಮಾತು, ಹತೋಟಿ.

ಮಾತ್ರೆ ಹಿಡಿಯಿತು. ಕೈ ನಿಂತಿತು. ಅಯ್ಯೋ, ಆ ವಾರ ಅವನನ್ನು ನೋಡಬೇಕಿತ್ತು! ಬೆಳಗಾಗುವುದನ್ನೇ ಕಾಯುತ್ತಿದ್ದ. ದಾರಿಯಲ್ಲಿ ಸಿಕ್ಕವರಿಗೆಲ್ಲ ಕೈ ಚಾಚಿ ಕುಲುಕುತ್ತಿದ್ದ, ಅದು ನಡುಗುತ್ತಿಲ್ಲವೆಂದು ತೋರಿಸಲಿಕ್ಕೆ. ಒಂದು ನಕ್ಷೆ ಬರೆದ. ಅಗಲ ಎಲೆ, ನಡುವೆ ಐದೆಸಳಿನ ಪುಟ್ಟ ಹೂವು, ಗೆರೆ ಕೂದಲೆಳೆಯಂಥದ್ದು. ಯಜಮಾನರಿಗೆ ತೋರಿಸುವ ಮೊದಲು ನನಗೆ ತೋರಿಸಲು ಮೇಜಿನವರೆಗೂ ಇಳಿದು ಬಂದಿದ್ದ. “ನೋಡೋ, ಈಗ ಹೇಳು, ಗೆರೆ ಕೂರಲ್ಲ ಅಂತ ಹೇಳು” ಎಂದ. “ಕೂರುತ್ತೆ ಹೂವಣ್ಣ, ಸಿಂಹಾಸನದ ಮೇಲೆ ಕೂತ ಹಾಗೆ ಕೂರುತ್ತೆ” ಎಂದೆ.

ಯಜಮಾನರು ಅದನ್ನು ಬಹಳ ಹೊತ್ತು ನೋಡಿದರಂತೆ. ನೋಯಿಸಬಾರದೆಂದು ನಗುತ್ತಲೇ, “ಅಂದವಾಗಿದೆ. ಆದ್ರೆ ಇದು ನಮ್ಮ ಹಳೇ ಮಾಲು ಆಯ್ತಲ್ಲ. ಇಂಥದ್ದನ್ನ ಯಾರ ಕೈಲಾದ್ರೂ ಬರೆಸಬಹುದು. ನಮಗೆ ಬೇಕಾದ್ದು ನಿಮ್ಮ ಕೈಗೆರೆ” ಎಂದರಂತೆ.

ಯಾರ ಕೈಲಾದರೂ! ಜೀವಮಾನವಿಡೀ ಬೆನ್ನು ಬಗ್ಗಿಸಿ, ಮದುವೆ ಮಕ್ಕಳು ಒಂದೂ ನೋಡದೆ ದಕ್ಕಿಸಿಕೊಂಡ ಗೆರೆ ಯಾರ ಕೈಲಾದರೂ ಆಗುವಂಥದ್ದಾಯಿತು. ರೋಗ ಬಂದ ಮೇಲೆ ಬಿದ್ದ ಗೆರೆ ಅವನದ್ದಾಯಿತು. ಅವನು ಆ ಹಾಳೆಯನ್ನು ಮಡಚಿ ಒಲೆಗೆ ಹಾಕಿದ ಎಂದು ಬಣ್ಣದಕ್ಕ ಹೇಳಿದಳು.

ಮರುದಿನದಿಂದ ಅವನ ಕೆಲಸದ ಕ್ರಮ ಬದಲಾಯಿತು. ಮಾತ್ರೆಯನ್ನು ಬೆಳಗ್ಗೆ ನುಂಗುವುದು ಬಿಟ್ಟು ಒಂದು ಬಟ್ಟಲಲ್ಲಿ ಹಾಕಿ ಕುಂಚದ ಪಕ್ಕ ಇಟ್ಟುಕೊಳ್ಳುತ್ತಿದ್ದ. ಹಿಂದಿನ ದಿನದ ಮಾತ್ರೆಯ ಶಕ್ತಿ ಪೂರ್ತಿ ಇಳಿದಿರುತ್ತಿತ್ತಲ್ಲ, ಆ ಹೊತ್ತಿನಲ್ಲಿ ಬರೆಯುತ್ತಿದ್ದ. ಹಲ್ಲು ಕಚ್ಚಿ, ಬೆವರು ಸುರಿಸಿ, ಇನ್ನು ಆಗುವುದೇ ಇಲ್ಲ ಅನ್ನುವವರೆಗೆ ಬರೆದು, ಆಮೇಲೆ ಮಾತ್ರೆ ನುಂಗಿ, ಕೈ ನಿಂತ ಮೇಲೆ ಆ ನಿಂತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೆ ಸುಮ್ಮನೆ ಕೂತಿರುತ್ತಿದ್ದ. ನೋಡಲಾಗದೆ ನಾನು ರೇಗಿದೆ.

“ನಿನಗೇನು ತಲೆ ಕೆಟ್ಟಿದೆಯಾ ಹೂವಣ್ಣ? ಮಾತ್ರೆ ಇರೋದು ನುಂಗೋದಕ್ಕೆ, ನೋಡೋದಕ್ಕಲ್ಲ.”

“ನುಂಗಿದ್ರೆ ನಾನು ಯಾರಾದ್ರೂ ಆಗ್ತೀನಂತಲ್ಲೋ” ಎಂದ.

ದೇಹ ಎಷ್ಟೂಂತ ತಡೆಯುತ್ತದೆ? ತುಂಬ ದಿನ ನಡೆಯಲಿಲ್ಲ. ಕುಂಚ ಕೈಯಿಂದ ಜಾರತೊಡಗಿತು. ಒಂದು ದಿನ ಬಣ್ಣದ ಬಟ್ಟಲನ್ನೇ ನಕ್ಷೆಯ ಮೇಲೆ ಕೆಡವಿಕೊಂಡ. ಅಂಗಿಯ ಗುಂಡಿ ಹಾಕಲೂ ತಂಗಿಯೇ ಬೇಕಾಯಿತು. ಸ್ವಲ್ಪ ದಿನ ಸುಧಾರಿಸಿಕೊಂಡು ಬರುತ್ತಾನೆ ಎಂದು ಅವಳು ಯಜಮಾನರಿಗೆ ಹೇಳಿ ಅವನನ್ನು ಮನೆಯಲ್ಲಿ ಕೂರಿಸಿದಳು. ಮನೆಯಲ್ಲೇ ಕೂತು ಬರೆದುಕೊಡುತ್ತಾನೆ ಎಂದೂ ಸೇರಿಸಿದಳು. ಅವನಿಗೆ ಬೇರೆಯೇ ಕಥೆ. “ನಿನ್ನ ಹಳೇ ನಕ್ಷೆಗಳಿಗೇ ಹೊಸ ಬಣ್ಣ ಹಾಕಿ ಒತ್ತಿಸ್ತಿದ್ದಾರೆ ಅಣ್ಣ. ನಿನ್ನ ಜಾಗಕ್ಕೆ ಯಾರನ್ನೂ ಕೂರಿಸಿಲ್ಲ, ನಿನಗೇಂತ ಖಾಲಿ ಬಿಟ್ಟಿದ್ದಾರೆ” ಎಂದಳು. ಆ ಖಾಲಿ ಕುರ್ಚಿಯ ಸುದ್ದಿ ಕೇಳಿದಾಗ ಮಾತ್ರ ಅವನು ಎರಡು ತುತ್ತು ಹೆಚ್ಚು ತಿನ್ನುತ್ತಿದ್ದನಂತೆ. ಕುರ್ಚಿ ಖಾಲಿ ಇದ್ದದ್ದು ನಿಜ. ಆದರೆ ಹೊಸ ನಕ್ಷೆ ಬಾರದೆ ಅದು ಎಷ್ಟು ದಿನ ಖಾಲಿ ಇದ್ದೀತು?

ಹೊಸ ನಕ್ಷೆಗಳು ಬಂದವು. ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಬಣ್ಣ ಸಾಲದೆ ಕೇಳಲು ನಾನು ಅವಳ ಕೋಣೆಗೆ ಹೋದೆ. ಬಣ್ಣ ಕಲಸುವ ಯಂತ್ರ ಗಡಗಡ ಓಡುತ್ತಿತ್ತು. ಒಳಗೆ ಬಣ್ಣವಿರಲಿಲ್ಲ. ಯಂತ್ರ ಬಿಗಿದಿದ್ದ ಹಲಗೆಯ ಮೇಲೆ ಹಾಳೆ ಹಾಸಿ, ಮೊಣಕೈ ಊರಿ, ಅವಳು ಹೂವು ಬರೆಯುತ್ತಿದ್ದಳು. ಹಲಗೆ ನಡುಗುತ್ತಿತ್ತು, ಹಾಳೆ ನಡುಗುತ್ತಿತ್ತು, ಅವಳ ಗಟ್ಟಿಮುಟ್ಟಾದ ಕೈಯೂ ನಡುಗುತ್ತಿತ್ತು. ನನ್ನನ್ನು ನೋಡಿ ಯಂತ್ರ ನಿಲ್ಲಿಸಿದಳು.

“ಸುಮ್ಮನೆ ಕೂತು ಬರೆದ್ರೆ ಗೆರೆ ನೆಟ್ಟಗೆ ಬರುತ್ತೆ ಕಣಪ್ಪ. ಅಣ್ಣನದ್ರ ಥರ ಬರಲ್ಲ” ಎಂದಳು.

ನನಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಹಾಳೆಯ ಮೂಲೆಯಲ್ಲಿ ಅಣ್ಣನ ಗುರುತು ಹಾಕಿದಳು, ಅದನ್ನೂ ಚೂರು ಅಲುಗಿಸಿ. ನಾನು ಬಣ್ಣ ತೆಗೆದುಕೊಂಡು ಕೆಳಗಿಳಿದೆ. ಆ ನಕ್ಷೆಯನ್ನು ನಾನೇ ಒತ್ತಿದೆ, ಆಮೇಲಿನವನ್ನೂ ಒತ್ತಿದೆ. ಯಜಮಾನರಿಗೆ ಅನುಮಾನ ಬರಲಿಲ್ಲ, ಅಂಗಡಿಯವರಿಗೆ ಬರಲಿಲ್ಲ, ಕೊಂಡವರಿಗಂತೂ ಬರುವ ಮಾತೇ ಇಲ್ಲ. ಹೊಸ ಕೈಗೆರೆ ಹಳೆಯದಕ್ಕಿಂತ ಚೆನ್ನಾಗಿ ಹೋಯಿತು. ಸಂಜೆ ಬೀದಿಯಲ್ಲಿ ನಡೆದರೆ ಕಿಟಕಿಕಿಟಕಿಯಲ್ಲೂ ಅದೇ ಹೂವು.

ಡಾಕ್ಟರು ಮತ್ತೆ ಬರಹೇಳಿದ್ದ ದಿನ ಮೂವರೂ ಹೋದೆವು. ಅವನಿಗೆ ಆಗ ಮಾತೂ ತೊದಲುತ್ತಿತ್ತು, ತೂಕ ಇಳಿದು ಅಂಗಿ ಮೈಮೇಲೆ ಹ್ಯಾಂಗರಿಗೆ ಹಾಕಿದಂತಿತ್ತು. ಕಾಯುವ ಕೋಣೆಗೆ ಹೊಸದಾಗಿ ಬಣ್ಣ ಬಳಿದಿದ್ದರು. ಬೆಂಚುಗಳ ಎದುರಿಗೆ, ಡಾಕ್ಟರ ಬಾಗಿಲಿಗೆ ಅಡ್ಡವಾಗಿ, ಹೊಸ ಕೈಗೆರೆ ಪರದೆ. ನಾನು ನೋಡಿದೆ, ಅವಳೂ ನೋಡಿದಳು. ಇಬ್ಬರೂ ಅವನನ್ನು ಬೇರೆ ಬೆಂಚಿಗೆ ಕೂರಿಸಲು ಅವಸರ ಮಾಡಿದೆವು. ಅವನು ಜಗ್ಗಲಿಲ್ಲ. ಪರದೆಯ ಎದುರೇ ಕೂತ.

ಬಹಳ ಹೊತ್ತು ನೋಡಿದ. ಆಮೇಲೆ ಮುಂದೆ ಬಗ್ಗಿ ಪರದೆಯ ಅಂಚು ಹಿಡಿದು ಹತ್ತಿರಕ್ಕೆ ಎಳೆದುಕೊಂಡ. ಒಂದು ಎಸಳಿನ ಗೆರೆಯ ಮೇಲೆ ಬೆರಳಿಟ್ಟು ಅದರ ಜೊತೆಗೇ ಹೋಗಲು ನೋಡಿದ. ಬೆರಳು ಹಾರಿ ಹಾರಿ ಹೊರಗೆ ಬೀಳುತ್ತಿತ್ತು. ಮತ್ತೆ ತಂದಿಡುತ್ತಿದ್ದ.

“ಇದು ಯಾರದು?” ಎಂದ.

“ನಿಂದೇ ಅಣ್ಣ. ಹಳೇದು. ಬಣ್ಣ ಮಾತ್ರ ಬೇರೆ.”

“ಬಣ್ಣ ನಿಂದು, ಗೊತ್ತಾಯ್ತು. ಹಲ್ಲಿಗೆ ಸೋಮವಾರ ಹಾಕಿದ್ದೀಯ, ಚೆನ್ನಾಗಿದೆ.” ಉಸಿರು ತೆಗೆದುಕೊಂಡ. “ಗೆರೇನೂ ನಿಂದೇ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಪಕ್ಕದ ಬೆಂಚಿನವರು ನಮ್ಮ ಕಡೆ ತಿರುಗಿದರು.

“ನಿನ್ನ ಹೆಸರು ಉಳೀಲಿ ಅಂತ ಮಾಡ್ದೆ ಅಣ್ಣ. ನಿನ್ನ ಜಾಗ ಉಳೀಲಿ ಅಂತ. ನೀನು ಹೇಗೆ ಬರೀತಿದ್ಯೋ ಹಾಗೇ ಬರೆದೆ, ಒಂಚೂರೂ ಹೆಚ್ಚುಕಮ್ಮಿ ಮಾಡ್ಲಿಲ್ಲ. ಯಾರಿಗೂ ಗೊತ್ತಾಗ್ಲಿಲ್ಲ, ಬೇಕಾದ್ರೆ ಇವನನ್ನ ಕೇಳು.”

ನಾನು ನೆಲ ನೋಡಿದೆ. ಅವನು ನನ್ನನ್ನು ಕೇಳಲಿಲ್ಲ.

“ಹಾಗೇ ಬರೀಲಿಲ್ಲ ಕಣೇ ನೀನು” ಎಂದ. ಕೋಪವಿರಲಿಲ್ಲ, ಅದೇ ಕಷ್ಟವಾದದ್ದು. ತೊದಲುತ್ತಾ, ನಿಲ್ಲಿಸಿ ನಿಲ್ಲಿಸಿ ಹೇಳಿದ. “ಇದು ಎಲ್ಲಾ ಕಡೆ ಒಂದೇ ಸಮ ನಡುಗಿದೆ. ನೀನು ನಡುಕ ಬರೆದಿದ್ದೀಯ. ನಾನು ಒಂದು ದಿನಾನೂ ನಡುಕ ಬರೀಲಿಲ್ಲ. ಮಾತ್ರೆ ಬಿಟ್ಟು ಕೂತಾಗ್ಲೂ ಬರೀಲಿಲ್ಲ. ನೆಟ್ಟಗೇ ಬರೀತಿದ್ದೆ. ಪ್ರತಿ ಎಸಳೂ ನೆಟ್ಟಗೇ ಬರೀತಿದ್ದೆ. ಕೈ ಕೇಳ್ತಿರಲಿಲ್ಲ, ಅಷ್ಟೆ.”

ಪರದೆ ಸರಿಸಿ ಒಳಗಿನವರು ಅವನನ್ನು ಕರೆದರು. ಎಬ್ಬಿಸಲು ಅವಳು ಎರಡೂ ಕೈ ಚಾಚಿದಳು. ಅವನು ನನ್ನ ಕೈ ಹಿಡಿದುಕೊಂಡು ಎದ್ದ.